ಗಾಜಿನ ಹಿಂದಿನ ಮುಖ

ಮನೆವಾರ್ತೆ



ಆಟಿ ತಿಂಗಳು ಕಳೆಯಿತು. ಮಳೆ ಪೂರ್ತಿ ಬಿಟ್ಟಿಲ್ಲವಾದರೂ ನಡುನಡುವೆ ಬಿಸಿಲು ಮುಖ ತೋರಿಸುತ್ತಿದೆ. ಆಗಸ್ಟ್ 30ರಂದು ಮರಿಯಮ್ಮನವರ ಜನ್ಮದಿನದ ನೊವೆನಾ ಆರಂಭವಾಗುತ್ತದೆ. ಸೆಪ್ಟೆಂಬರ್ 8ರಂದು ಮೊಂತಿ ಹಬ್ಬ. ಮಕ್ಕಳು ಹೂ ತುಂಬಿದ ತಟ್ಟೆ ಹಿಡಿದು ಇಗರ್ಜಿಗೆ ಹೋಗುತ್ತಾರೆ. ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ. ಅದಕ್ಕೆ ಮೊದಲು ಮನೆ ಶುಚಿಯಾಗಬೇಕು ಎಂಬುದು ನಮ್ಮ ಹಿರಿಯರಿಂದ ಬಂದ ಪದ್ಧತಿ.

ಕಾಸರಗೋಡಿನ ನಮ್ಮ ಈ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಜೂನ್‌ನಿಂದ ಮೂರು ತಿಂಗಳು ಮುಚ್ಚಿಟ್ಟ ಕಿಟಕಿಯ ಗಾಜಿನ ಮೇಲೆ ಬೂಷ್ಟು, ಬಚ್ಚಲಿನ ಕನ್ನಡಿಯ ಮೇಲೆ ಬಿಳಿ ಚುಕ್ಕೆ, ಆಲ್ತಾರಿನ ಮೇಲಿರುವ ಪವಿತ್ರ ಹೃದಯದ ಪಟದ ಗಾಜಿನ ಮೇಲೆ ಮೊಂಬತ್ತಿಯ ಮಸಿ. ಕಳೆದ ತಿಂಗಳು ಸ್ತ್ರೀ ಸಂಘಟನೆಯ ಸಭೆ ಮುಗಿಸಿ ಹೊರಡುವಾಗ ಒಬ್ಬ ತಂಗಿ ಕೇಳಿದಳು: "ಅಕ್ಕಾ, ಅಂಗಡಿಯ ನೀಲಿ ನೀರು ಹೊಡೆದರೆ ಮಗುವಿಗೆ ಕೆಮ್ಮು ಬರುತ್ತದೆ. ಮನೆಯಲ್ಲೇ ಮಾಡಿಕೊಳ್ಳುವಂಥದ್ದು ಏನಾದರೂ ಉಂಟಾ?"

ಉಂಟು. ನಮ್ಮ ಅಡುಗೆಮನೆಯಲ್ಲಿ, ಹಿತ್ತಿಲಲ್ಲಿ ಬೇಕಾದಷ್ಟು ಉಂಟು. ಆದರೆ ಅದನ್ನು ಹೇಳುವ ಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು. ಅದನ್ನು ಹೇಳದೆ ಈ ವಿಷಯ ಬರೆಯುವುದು ಸರಿಯಲ್ಲ ಎಂದು ನನಗೆ ಅನಿಸುತ್ತದೆ.

ಒಂದು ಫೋಟೊದ ಕಥೆ

ನಾನು ಮದುವೆಯಾಗಿ ಬಂದ ಎರಡನೆಯ ವರ್ಷ. ಹಬ್ಬದ ಮುಂಚಿನ ವಾರ. ನಮ್ಮ ಚಾವಡಿಯ ಗೋಡೆಯಲ್ಲಿ ಮಾವನವರ ಒಂದು ಕಪ್ಪುಬಿಳುಪು ಫೋಟೊ ಇತ್ತು. ನನ್ನ ಯಜಮಾನರಿಗೆ ನಾಲ್ಕು ವರ್ಷವಾಗಿದ್ದಾಗಲೇ ಮಾವ ತೀರಿಕೊಂಡಿದ್ದರು. ಅವರದ್ದೆಂದು ಮನೆಯಲ್ಲಿ ಇದ್ದದ್ದು ಆ ಒಂದೇ ಫೋಟೊ.

ಅತ್ತೆಯವರು ದಿನಾ ಸಂಜೆ ಜಪಸರ ಮುಗಿದ ಮೇಲೆ ಸೀರೆಯ ಸೆರಗಿನಿಂದ ಆ ಗಾಜನ್ನು ಒಮ್ಮೆ ಒರೆಸುತ್ತಿದ್ದರು. ಒಣ ಬಟ್ಟೆಯಲ್ಲಿ, ಮೆಲ್ಲಗೆ, ಒಂದೇ ಒಂದು ಸಲ. ಕಾಲೇಜು ಕಲಿತ ಸೊಸೆಯಾದ ನನಗೆ ಅದು ಶುಚಿ ಮಾಡಿದ ಹಾಗೆ ಕಾಣುತ್ತಿರಲಿಲ್ಲ. ಅತ್ತೆ ತೋಟಕ್ಕೆ ಹೋದ ಹೊತ್ತು ನೋಡಿ, ಪೇಟೆಯಿಂದ ತಂದ ಸ್ಪ್ರೇ ಬಾಟ್ಲಿಯಿಂದ ಗಾಜಿನ ಮೇಲೆ ಧಾರಾಳವಾಗಿ ಹೊಡೆದೆ. ನೀರು ಗಾಜಿನ ಮೇಲಿಂದ ಇಳಿದು ಕೆಳಗಿನ ಚೌಕಟ್ಟಿನ ಸಂದಿಗೆ ಹೋಯಿತು. ನಾನು ಗಮನಿಸಲಿಲ್ಲ. ಗಾಜು ಫಳಫಳ ಹೊಳೆಯಿತು, ಸಂತೋಷವಾಯಿತು.

ಸ್ವಲ್ಪ ಹೊತ್ತಿನಲ್ಲಿ ಫೋಟೊದ ಕೆಳಗಿನಿಂದ ಒಂದು ಒದ್ದೆ ಕಲೆ ಮೇಲೇರತೊಡಗಿತು. ಗಾಬರಿಯಿಂದ ಚೌಕಟ್ಟು ಬಿಚ್ಚಿ, ಗಾಜಿಗೆ ಅಂಟಿದ್ದ ಫೋಟೊವನ್ನು ಎಳೆದೆ. ಅದು ಎರಡನೆಯ ತಪ್ಪು. ಹಳೆಯ ಫೋಟೊಗಳಲ್ಲಿ ಚಿತ್ರವಿರುವುದು ಕಾಗದದಲ್ಲಲ್ಲ, ಕಾಗದದ ಮೇಲಿನ ಜೆಲಟಿನ್ ಎಂಬ ತೆಳು ಪದರದಲ್ಲಿ. ಒದ್ದೆಯಾದರೆ ಅದು ಉಬ್ಬಿ ಅಂಟಾಗುತ್ತದೆ. ನಾನು ಎಳೆದಾಗ ಕಾಗದ ನನ್ನ ಕೈಗೆ ಬಂತು, ಮಾವನವರ ಬಾಯಿ, ಗಲ್ಲ, ಕೊರಳು ಗಾಜಿಗೆ ಅಂಟಿ ಉಳಿಯಿತು.

ಅತ್ತೆ ಬೈಯಲಿಲ್ಲ. ಫೋಟೊವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. "ಕಣ್ಣು ಉಳಿದಿದೆಯಲ್ಲ ಮಗಳೇ" ಎಂದರು. ಅಷ್ಟೇ. ಆ ಸಂಜೆ ಜಪಸರ ಹೇಳಿಸುವಾಗ ಅವರ ಸ್ವರ ಎರಡು ಸಲ ನಿಂತಿತು.

ಅಂದಿನಿಂದ ಗಾಜು ಒರೆಸುವ ಕೆಲಸವನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಕೆಳಗೆ ಬರೆದದ್ದೆಲ್ಲ ಆಮೇಲೆ ಅತ್ತೆಯವರಿಂದ, ನೆರೆಹೊರೆಯವರಿಂದ, ಸ್ವಲ್ಪ ಓದಿನಿಂದ ಕಲಿತದ್ದು.

ಮೊದಲು ಕೊಳೆಯ ಗುರುತು

ಎಲ್ಲ ಕೊಳೆಗೂ ಒಂದೇ ಮದ್ದು ಇಲ್ಲ. ಗಾಜಿನ ಮೇಲೆ ಇರುವುದು ಏನು ಎಂದು ನೋಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಧೂಳು ಮತ್ತು ಕಡಲ ಗಾಳಿಯ ಉಪ್ಪು: ಕುಂಬಳೆ, ಮಂಜೇಶ್ವರದಂಥ ಕಡಲಬದಿಯ ಊರುಗಳಲ್ಲಿ ಕಿಟಕಿ ಮಬ್ಬಾಗಲು ಇದೂ ಒಂದು ಕಾರಣ. ಉಪ್ಪು ನೀರಿನಲ್ಲಿ ಕರಗುತ್ತದೆ. ಇದಕ್ಕೆ ಸಾದಾ ನೀರು ಸಾಕು.

ಎಣ್ಣೆ, ಒಗ್ಗರಣೆಯ ಹಬೆ, ಕೈಬೆರಳಿನ ಗುರುತು: ಇದು ಜಿಡ್ಡು. ಇದಕ್ಕೆ ಹುಳಿ ಅಷ್ಟಾಗಿ ನಾಟುವುದಿಲ್ಲ, ಸಾಬೂನಿನ ಗುಣ ಇರುವ ವಸ್ತು ಬೇಕು.

ಬಿಳಿ ಚುಕ್ಕೆ, ಕೆಂಪು ಕಲೆ: ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಇದ್ದರೆ ಹನಿ ಒಣಗಿದಲ್ಲಿ ಬಿಳಿ ಕಲೆ ಉಳಿಯುತ್ತದೆ. ಕಬ್ಬಿಣದ ಅಂಶ ಇದ್ದರೆ ಕೆಂಪು. ಇದನ್ನು ಸಾಬೂನಿನಲ್ಲಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹುಳಿಗೆ ಮಾತ್ರ ಬಗ್ಗುತ್ತದೆ.

ಮೊಂಬತ್ತಿಯ ಮಸಿ: ಇದನ್ನು ಮೊದಲೇ ಒದ್ದೆ ಮಾಡಿದರೆ ಗಾಜಿನ ತುಂಬ ಬಳಿದುಕೊಳ್ಳುತ್ತದೆ. ಮೊದಲು ಒಣ ಬಟ್ಟೆ, ಆಮೇಲೆ ಸಾಬೂನಿನ ಬೆಚ್ಚಗಿನ ನೀರಿನಲ್ಲಿ ಹಿಂಡಿದ ಬಟ್ಟೆ.

ಮನೆಯಲ್ಲಿ ಮಾಡಿಕೊಳ್ಳುವ ದ್ರಾವಣಗಳು

1. ವಿನೆಗರ್ ನೀರು. ನಮ್ಮ ಮನೆಗಳಲ್ಲಿ ವಿನೆಗರ್ ಇಲ್ಲದ ಅಡುಗೆಮನೆ ಇಲ್ಲ. ಗಾಜಿಗೆ ಬಣ್ಣವಿಲ್ಲದ ಬಿಳಿ ವಿನೆಗರ್ ಆಗಬೇಕು. ಇಂದಾದ್, ಉಪ್ಪಿನಕಾಯಿಗೆ ಬಳಸುವ ಕಳ್ಳಿನ ವಿನೆಗರಿನಲ್ಲಿ ಬಣ್ಣ, ಗಸಿ ಇರುವುದರಿಂದ ಗಾಜಿನ ಮೇಲೆ ಗೆರೆ ಬೀಳುತ್ತದೆ. ಒಂದು ಲೋಟ ವಿನೆಗರಿಗೆ ನಾಲ್ಕು ಲೋಟ ನೀರು. ಕಲೆ ಹಳೆಯದಾದರೆ ಸಮಸಮ. ವಾಸನೆ ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ. ಗಾಳಿಯಾಡಲು ಕಿಟಕಿ ತೆರೆದಿಡಿ.

ಯಾವ ನೀರು ಎಂಬುದೂ ಮುಖ್ಯ. ಸುಣ್ಣದ ನೀರಿನಲ್ಲೇ ಒರೆಸಿದರೆ ಒಣಗಿದಾಗ ಪುನಃ ಕಲೆ. ಮಾಡಿನ ನೀರಲ್ಲ, ನೇರ ಆಕಾಶದಿಂದ ಬಾಲ್ದಿಗೆ ಬಿದ್ದ ಮಳೆನೀರು ಎಲ್ಲಕ್ಕಿಂತ ಒಳ್ಳೆಯದು. ಅದರಲ್ಲಿ ಸುಣ್ಣವಿಲ್ಲ. ದೇವರು ಧಾರಾಳವಾಗಿ ಸುರಿಸುವಾಗ ಎರಡು ಬಾಟ್ಲಿ ತುಂಬಿಸಿಡಲು ಏನು ಕಷ್ಟ?

2. ಲಿಂಬೆ ಅಥವಾ ಬಿಂಬುಳಿ. ಮರದ ಬುಡದಲ್ಲಿ ಬಿದ್ದು ಕೊಳೆಯುವ ಬಿಂಬುಳಿ ನಾಲ್ಕನ್ನು ಜಜ್ಜಿ ರಸ ಹಿಂಡಿ, ಬಟ್ಟೆಯಲ್ಲಿ ಸೋಸಿಕೊಳ್ಳಿ. ತುಕ್ಕಿನ ಕಲೆ ಬಿಡಿಸುವ ಶಕ್ತಿ ಅದಕ್ಕಿದೆ ಎಂದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಬಚ್ಚಲಿನ ಕಿಟಕಿಯ ಗಾಜಿಗೆ ಹಚ್ಚಿ ಐದು ನಿಮಿಷ ಬಿಟ್ಟು ಉಜ್ಜಿ, ಎರಡು ಸಲ ಸಾದಾ ನೀರಿನಲ್ಲಿ ಒರೆಸಿ. ಲಿಂಬೆರಸವೂ ಹಾಗೆಯೇ, ಆದರೆ ಸೋಸದಿದ್ದರೆ ತಿರುಳು ಗಾಜಿಗೆ ಅಂಟುತ್ತದೆ. ಕೈಯಲ್ಲಿ ಗಾಯವಿದ್ದವರು ಮುಟ್ಟಬೇಡಿ, ಉರಿ ತಡೆಯಲಾಗದು.

3. ಅಂಟುವಾಳದ ನೀರು. ಆರೇಳು ಅಂಟುವಾಳಕಾಯಿಯ ಬೀಜ ತೆಗೆದು, ಸಿಪ್ಪೆಯನ್ನು ಒಂದು ಚೊಂಬು ಬಿಸಿನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಹಿಸುಕಿ ಸೋಸಿದರೆ ನೊರೆ ಬರುವ ನೀರು ಸಿಗುತ್ತದೆ. ಇದಕ್ಕೆ ಇನ್ನೂ ಎರಡು ಚೊಂಬು ನೀರು ಸೇರಿಸಿ ಅಡುಗೆಮನೆಯ ಕಿಟಕಿಗೆ, ಕಪಾಟಿನ ಗಾಜಿಗೆ ಬಳಸಿ. ಜಿಡ್ಡು ಬಿಡುತ್ತದೆ. ಎರಡು ದಿನಕ್ಕಿಂತ ಹೆಚ್ಚು ಇಟ್ಟರೆ ಹಳಸುತ್ತದೆ. ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ.

4. ಸೋಡಾಪುಡಿ. ಇಡ್ಲಿಗೆ ಹಾಕುವ ಸೋಡಾಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಒಲೆಯ ಹತ್ತಿರದ ಗಾಜಿನ ಮೇಲೆ ಗಟ್ಟಿಯಾಗಿ ಕೂತ ಎಣ್ಣೆಗೆ ಹಚ್ಚಿ ಮೆಲ್ಲಗೆ ಉಜ್ಜಬಹುದು. ಇದನ್ನು ವಿನೆಗರಿನೊಂದಿಗೆ ಬೆರೆಸಿದರೆ ಬುಸ್ಸೆಂದು ನೊರೆ ಬರುತ್ತದೆ. ಬಹಳ ಮಂದಿ ಅದನ್ನು ಶಕ್ತಿ ಎಂದು ತಿಳಿಯುತ್ತಾರೆ. ನಿಜವಾಗಿ ಹುಳಿಯೂ ಕ್ಷಾರವೂ ಒಂದನ್ನೊಂದು ಕೆಡಿಸಿಕೊಂಡು, ಗ್ಯಾಸು ಹೋದ ಮೇಲೆ ಬಹುಮಟ್ಟಿಗೆ ಉಪ್ಪುನೀರಿನಂಥದ್ದೇ ಉಳಿಯುತ್ತದೆ. ಬೇರೆಬೇರೆಯಾಗಿಯೇ ಬಳಸಿ.

5. ಒಲೆಯ ಬೂದಿ. ಕರೆಂಟಿಲ್ಲದ ಕಾಲದಲ್ಲಿ ಲಾಟೀನಿನ ಗಾಜನ್ನು ಬೂದಿಯಲ್ಲೇ ಬೆಳಗಿಸುತ್ತಿದ್ದರು. ಬೂದಿಯಲ್ಲಿ ಕ್ಷಾರ ಇದೆ, ಅದು ಜಿಡ್ಡನ್ನೂ ಮಸಿಯನ್ನೂ ಬಿಡಿಸುತ್ತದೆ. ಆದರೆ ತೆಳು ಬಟ್ಟೆಯಲ್ಲಿ ಜಾಲಿಸದಿದ್ದರೆ ಮರಳಿನ ಕಣ ಗಾಜನ್ನು ಗೀರುತ್ತದೆ. ಹೊರಗಿನ ಕಿಟಕಿಗೆ ಆದೀತು, ಕನ್ನಡಿಗೆ ಬೇಡ.

6. ಬಚ್ಚಲಿನ ಕನ್ನಡಿಗೆ ಹಬೆ ಕೂರದ ಹಾಗೆ. ಒಣ ಕನ್ನಡಿಯ ಮೇಲೆ ಮೈಸಾಬೂನಿನಿಂದ ನಾಲ್ಕು ಗೆರೆ ಎಳೆದು, ಒಣ ಬಟ್ಟೆಯಿಂದ ಗೆರೆ ಕಾಣದಷ್ಟು ಒರೆಸಿ. ಕೆಲವು ದಿನ ಮಂಜು ಕೂರುವುದಿಲ್ಲ.

ಒರೆಸುವ ಕ್ರಮ

ದ್ರಾವಣಕ್ಕಿಂತ ಬಟ್ಟೆ ಮುಖ್ಯ. ಎಷ್ಟೋ ಸಲ ಒಗೆದು ಮೆತ್ತಗಾದ ಹಳೆಯ ಹತ್ತಿಯ ಮುಂಡು ಅಥವಾ ಸೀರೆಯ ತುಂಡು ಉತ್ತಮ. ಬೈರಾಸಿನಂಥ ಬಟ್ಟೆ ನೂಲು ಬಿಡುತ್ತದೆ. ಎರಡು ತುಂಡು ಇಟ್ಟುಕೊಳ್ಳಿ: ಒಂದು ಒದ್ದೆಗೆ, ಒಂದು ಒಣಗಿಸಲಿಕ್ಕೆ. ಕೊನೆಯಲ್ಲಿ ಹಳೆಯ ಪತ್ರಿಕೆಯ ಕಾಗದದಿಂದ ಉಜ್ಜಿದರೆ ಹೊಳಪು ಬರುತ್ತದೆ. ಆದರೆ ಬಿಳಿ ಬಣ್ಣದ ಚೌಕಟ್ಟಿಗೆ ಅದರ ಶಾಯಿ ತಾಗದಂತೆ ನೋಡಿಕೊಳ್ಳಿ. ನಯವಾದ ಬಣ್ಣದ ಪುಟಗಳು ನೀರು ಹೀರುವುದಿಲ್ಲ, ಪ್ರಯೋಜನವಿಲ್ಲ.

ಬಿಸಿಲು ನೇರ ಬೀಳುವ ಹೊತ್ತಿನಲ್ಲಿ ಕಿಟಕಿ ಒರೆಸಬೇಡಿ. ಒರೆಸುವ ಮೊದಲೇ ನೀರು ಒಣಗಿ ಗೆರೆ ಉಳಿಯುತ್ತದೆ. ಬೆಳಿಗ್ಗೆ ಅಥವಾ ಸಂಜೆ ಒಳ್ಳೆಯದು. ಮೇಲಿನಿಂದ ಕೆಳಗೆ ಬನ್ನಿ. ಒಳಬದಿಯನ್ನು ಅಡ್ಡಕ್ಕೆ, ಹೊರಬದಿಯನ್ನು ಉದ್ದಕ್ಕೆ ಒರೆಸಿದರೆ, ಗೆರೆ ಉಳಿದಾಗ ಅದು ಯಾವ ಬದಿಯದ್ದೆಂದು ಕೂಡಲೇ ಗೊತ್ತಾಗುತ್ತದೆ.

ಕನ್ನಡಿಗೂ ಪಟಕ್ಕೂ ಬೇರೆ ನಿಯಮ

ಕಿಟಕಿಯ ಗಾಜಿನ ಹಿಂದೆ ಇರುವುದು ಗಾಳಿ. ಕನ್ನಡಿಯ ಹಿಂದೆ ಇರುವುದು ಬೆಳ್ಳಿ. ಗಾಜಿಗೆ ಬೆಳ್ಳಿಯ ಪದರ ಕೂರಿಸುವ ಕ್ರಮವನ್ನು 1835ರಲ್ಲಿ ಕಂಡುಕೊಂಡವರು ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್. ಆ ತೆಳು ಪದರವನ್ನು ಹಿಂದಿನಿಂದ ಬಣ್ಣ ಬಳಿದು ಕಾಪಾಡಿರುತ್ತಾರೆ. ಅಂಚಿನಿಂದ ನೀರು, ಹುಳಿ ಅಥವಾ ಅಮೋನಿಯ ಒಳಹೊಕ್ಕರೆ ಬೆಳ್ಳಿ ಕಪ್ಪಾಗುತ್ತದೆ. ಹಳೆಯ ಕನ್ನಡಿಯ ಅಂಚಿನ ಕಪ್ಪು ಕೊಳೆಯಲ್ಲ, ಎಷ್ಟು ತಿಕ್ಕಿದರೂ ಅದು ಹೋಗುವುದಿಲ್ಲ. ಆದ್ದರಿಂದ ಕನ್ನಡಿಯ ಮೇಲೆ ಎಂದೂ ನೀರು ಹೊಡೆಯಬೇಡಿ. ಬಟ್ಟೆಯನ್ನು ಒದ್ದೆ ಮಾಡಿ, ಹಿಂಡಿ, ಒರೆಸಿ, ಅಂಚನ್ನು ಕೂಡಲೇ ಒಣಗಿಸಿ. ಮಳೆಗಾಲದಲ್ಲಿ ಗೋಡೆ ಬೆವರುವುದರಿಂದ ಕನ್ನಡಿಯ ಹಿಂದೆ ಕೆಳಮೂಲೆಗಳಲ್ಲಿ ಬಾಟ್ಲಿಯ ಬೂಚಿನ ತುಂಡು ಅಂಟಿಸಿದರೆ ಗಾಳಿಯಾಡುತ್ತದೆ.

ನಮ್ಮ ರಾಜ್ಯದ ಪತ್ತನಂತಿಟ್ಟ ಜಿಲ್ಲೆಯ ಆರನ್ಮುಳ ಕನ್ನಡಿ ಕೆಲವರ ಮನೆಯಲ್ಲಿ ಉಡುಗೊರೆಯಾಗಿ ಬಂದಿರಬಹುದು. ಅದು ಗಾಜಲ್ಲ, ತಾಮ್ರ ಮತ್ತು ತವರ ಕೂಡಿಸಿ ಎರಕಹೊಯ್ದು ಉಜ್ಜಿದ ಲೋಹ. ಅದಕ್ಕೆ ಹುಳಿಯೂ ಬೇಡ, ಬೂದಿಯೂ ಬೇಡ. ಮೆತ್ತಗಿನ ಒಣ ಬಟ್ಟೆ ಸಾಕು.

ಇನ್ನು ಫೋಟೊ ಮತ್ತು ಪಟಗಳು. ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಮಲಗಿಸಿ. ಬಟ್ಟೆಯನ್ನು ಚೆನ್ನಾಗಿ ಹಿಂಡಿ, ಗಾಜಿನ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಚೌಕಟ್ಟಿಗೆ ಒಂದು ಬೆರಳಿನಷ್ಟು ಮೊದಲೇ ನಿಲ್ಲಿಸಿ. ಆ ಅಂಚಿಗೆ ಒಣ ಬಟ್ಟೆಯೇ ಸಾಕು. ಫೋಟೊ ಗಾಜಿಗೆ ಅಂಟಿದ ಹಾಗೆ ಕಂಡರೆ ಬಿಚ್ಚಬೇಡಿ, ಎಳೆಯಬೇಡಿ. ಗಾಜಿನ ಮೇಲಿಂದಲೇ ಒಂದು ಪ್ರತಿ ತೆಗೆಸಿಕೊಳ್ಳಿ.

ಇವನ್ನು ಮಾಡಬೇಡಿ

ಬ್ಲೀಚಿಂಗ್ ಪುಡಿ ಅಥವಾ ಬ್ಲೀಚಿಂಗ್ ನೀರಿನೊಂದಿಗೆ ವಿನೆಗರ್, ಲಿಂಬೆ, ಶೌಚಾಲಯದ ಆಸಿಡ್ ಯಾವುದನ್ನೂ ಬೆರೆಸಬೇಡಿ. ಕ್ಲೋರಿನ್ ಎಂಬ ವಿಷಗಾಳಿ ಏಳುತ್ತದೆ. ಅಮೋನಿಯ ಇರುವ ದ್ರಾವಣದೊಂದಿಗೂ ಬ್ಲೀಚಿಂಗ್ ಸೇರಬಾರದು. ಬಾಗಿಲು ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಇದು ಜೀವಕ್ಕೇ ಅಪಾಯ. ಕಣ್ಣು ಉರಿದು ಕೆಮ್ಮು ಬಂದರೆ ಕೂಡಲೇ ಹೊರಗೆ ಬನ್ನಿ.

ಮನೆಯಲ್ಲಿ ಮಾಡಿದ್ದೆಂದು ತಂಪುಪಾನೀಯದ ಬಾಟ್ಲಿಯಲ್ಲಿ ತುಂಬಿಸಿಡಬೇಡಿ. ಮಕ್ಕಳು ಕುಡಿದಾರು. ಬಾಟ್ಲಿಯ ಮೇಲೆ ಹೆಸರು ಬರೆದು ಎತ್ತರದಲ್ಲಿಡಿ. ಕಣ್ಣಿಗೆ ಬಿದ್ದರೆ ಕಾಲು ಗಂಟೆ ಶುದ್ಧ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ.

ಕನ್ನಡಕಕ್ಕೆ, ಟಿ.ವಿ.ಗೆ, ಮೊಬೈಲಿಗೆ ವಿನೆಗರ್, ಸೋಡಾಪುಡಿ ತಾಗಿಸಬೇಡಿ. ಅವುಗಳ ಮೇಲಿನ ಲೇಪ ಹಾಳಾಗುತ್ತದೆ. ಅಮೃತಶಿಲೆಯ ನೆಲಕ್ಕೆ ಹುಳಿ ಬಿದ್ದರೆ ಹೊಳಪು ಹೋಗುತ್ತದೆ.

ಹಬ್ಬಕ್ಕೆ ಇಗರ್ಜಿ ಶುಚಿ ಮಾಡಲು ಹೋಗುವ ವಾಳೆಯವರಿಗೆ ಒಂದು ಮಾತು. ಬಣ್ಣದ ಗಾಜಿನ ಕಿಟಕಿಯ ತುಂಡುಗಳನ್ನು ಸೀಸದ ಪಟ್ಟಿಯಿಂದ ಜೋಡಿಸಿದ್ದರೆ, ಅದಕ್ಕೆ ವಿನೆಗರ್ ಅಥವಾ ಲಿಂಬೆ ಹಚ್ಚಲೇಬಾರದು. ಹುಳಿ ಸೀಸವನ್ನು ತಿನ್ನುತ್ತದೆ, ಆಗ ಉಂಟಾಗುವ ವಸ್ತು ವಿಷ. ವಿಗಾರರನ್ನು ಕೇಳಿಯೇ ಮುಟ್ಟಿ, ಮೆತ್ತಗಿನ ಒಣ ಬಟ್ಟೆಯಲ್ಲಿ ಧೂಳು ಮಾತ್ರ ತೆಗೆಯಿರಿ.

ಕೊನೆಗೊಂದು ವಿನಂತಿ

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೆಯ ಅಧ್ಯಾಯದಲ್ಲಿ ಕನ್ನಡಿಯ ಮಾತು ಬರುತ್ತದೆ. ಆ ಕಾಲದ ಕನ್ನಡಿಗಳು ಉಜ್ಜಿದ ಕಂಚಿನವು, ಅವುಗಳಲ್ಲಿ ಮುಖ ಮಬ್ಬಾಗಿಯೇ ಕಾಣುತ್ತಿತ್ತು. ಇಂದು ನಾವು ಕಾಣುವುದು ಹಾಗೆ ಅರೆಬರೆಯಾಗಿ, ಮುಂದೆ ಮುಖಾಮುಖಿಯಾಗಿ ಕಾಣುವೆವು ಎಂಬುದು ಅಲ್ಲಿನ ಭರವಸೆ. ಆ ಅಧ್ಯಾಯ ಇರುವುದು ಪ್ರೀತಿಯ ಬಗ್ಗೆ. ಅದನ್ನು ಇಗರ್ಜಿಯಲ್ಲಿ ಓದುವಾಗಲೆಲ್ಲ ನನಗೆ ಅತ್ತೆಯವರ ಸೆರಗು ನೆನಪಾಗುತ್ತದೆ.

ನಮ್ಮ ಮಗ ಸಣ್ಣವನಿದ್ದಾಗ ಆ ಫೋಟೊ ನೋಡಿ ಕೇಳಿದ್ದ: "ಅಜ್ಜಿ, ಅಜ್ಜ ಇದರಲ್ಲಿ ನಗುತ್ತಿದ್ದರಾ?" ಅತ್ತೆ ಹೇಳಿದರು: "ಹೌದು ಪುಟ್ಟ, ಸ್ವಲ್ಪ. ಎಡಬದಿಗೆ. ನಿನ್ನ ಹಾಗೆಯೇ." ಈಗ ಅತ್ತೆ ಇಲ್ಲ. ಮಾವನವರ ನಗು ಹೇಗಿತ್ತೆಂದು ಹೇಳಬಲ್ಲವರು ಮನೆಯಲ್ಲಿ ಯಾರೂ ಇಲ್ಲ. ಮಗ ನಗುವಾಗ ಅವನ ಬಾಯಿಯ ಎಡಬದಿಯನ್ನು ನೋಡುತ್ತೇನೆ, ಅಷ್ಟೇ.

ಆದ್ದರಿಂದ ವಿನಂತಿ. ಈ ಹಬ್ಬಕ್ಕೆ ಬಟ್ಟೆ, ಬಾಲ್ದಿ ಹಿಡಿಯುವ ಮೊದಲು ಮನೆಯ ಹಳೆಯ ಫೋಟೊಗಳನ್ನೆಲ್ಲ ಇಳಿಸಿ, ಮಕ್ಕಳ ಕೈಯಲ್ಲಿ ಮೊಬೈಲಿನಿಂದ ಒಂದೊಂದು ಚಿತ್ರ ತೆಗೆಸಿ. ಕಿಟಕಿಯ ಬೆಳಕು ಗಾಜಿನ ಮೇಲೆ ಮಿನುಗದ ಹಾಗೆ ಸ್ವಲ್ಪ ಓರೆಯಾಗಿ ಹಿಡಿದರೆ ಸಾಕು. ತೆಗೆದದ್ದನ್ನು ದೂರದಲ್ಲಿರುವ ಅಣ್ಣತಮ್ಮಂದಿರಿಗೂ ಕಳುಹಿಸಿ, ಒಂದು ಕಡೆ ಹಾಳಾದರೆ ಇನ್ನೊಂದು ಕಡೆ ಉಳಿಯುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು, ಇವರು ಯಾರು, ಹೇಗಿದ್ದರು ಎಂದು ಕೇಳಿ ಬರೆದಿಡಿ. ಆಮೇಲೆ ಗಾಜು ಒರೆಸಿ.

ಮುಂದಿನ ತಿಂಗಳು, ಮಳೆಗಾಲದಲ್ಲಿ ಬೂಷ್ಟು ಹಿಡಿದ ಬಟ್ಟೆ ಮತ್ತು ಪುಸ್ತಕಗಳ ಬಗ್ಗೆ ನೋಡೋಣ. ನಿಮ್ಮ ಮನೆಯ ಉಪಾಯಗಳಿದ್ದರೆ ಬರೆದು ಕಳುಹಿಸಿ. ಎಲ್ಲರಿಗೂ ಮೊಂತಿ ಹಬ್ಬದ ಶುಭಾಶಯಗಳು. ಮರಿಯಮ್ಮನವರು ನಿಮ್ಮ ಮನೆಯನ್ನೂ ಮನೆಯವರನ್ನೂ ಕಾಪಾಡಲಿ.